ಕೊನೆಯ ಗುಟುಕಿನಲ್ಲಿ ಸಿಕ್ಕ ಶಾರ್ಡನೆ

ಪ್ರಶ್ನೆ: ಮೊದಲ ಬಾರಿಗೆ ಶಾರ್ಡನೆ ಎಂಬ ಬಿಳಿ ದ್ರಾಕ್ಷಿಯ ವೈನ್ ಒಂದು ಬಾಟಲಿ ತಂದೆವು. ‘ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ್ದು’ ಎಂದು ಲೇಬಲ್‌ನಲ್ಲಿತ್ತು. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದಾಗ ಹುಳಿಯ ಹೊರತು ಏನೂ ತಿಳಿಯಲಿಲ್ಲ. ಮನೆಯಲ್ಲಿ ಮಾಡಿದ ಖಾರದ ಕೋಳಿ ತಿನ್ನುತ್ತಾ ಕುಡಿದಾಗ ಬಾಯಿ ಉರಿದು, ವೈನ್ ಕಹಿಯಾಯಿತು. ಆದರೆ ಊಟ ಮುಗಿದು ಬಹಳ ಹೊತ್ತಿನ ನಂತರ ಲೋಟದಲ್ಲಿ ಉಳಿದಿದ್ದನ್ನು ಕುಡಿದರೆ ಬೆಣ್ಣೆಯ ಹಾಗೆ ಘಮವಿತ್ತು! ಬಾಟಲಿ ಕೆಟ್ಟಿತ್ತೇ? ಇದಕ್ಕೆ ಬೆಣ್ಣೆ ಸೇರಿಸುತ್ತಾರೆಯೇ? ಯಾವ ಅಡುಗೆ ಹೊಂದುತ್ತದೆ?

ಉತ್ತರ: ಬಾಟಲಿ ಕೆಟ್ಟಿರಲಿಲ್ಲ. ಅದಕ್ಕೆ ನಿಮ್ಮ ಕೊನೆಯ ಗುಟುಕೇ ಸಾಕ್ಷಿ. ಕೆಟ್ಟ ವೈನ್ ಲೋಟದಲ್ಲಿ ಹೊತ್ತು ಕಳೆದಷ್ಟೂ ಸಾಮಾನ್ಯವಾಗಿ ಇನ್ನಷ್ಟು ಹಾಳಾಗುತ್ತದೆ, ನಿಮ್ಮದು ಅರಳಿತು. ಫ್ರಿಜ್‌ನ ನಾಲ್ಕೈದು ಡಿಗ್ರಿ ಚಳಿಯಲ್ಲಿ ವೈನ್‌ನ ಘಮ ಮೇಲೇಳುವುದೇ ಇಲ್ಲ. ಹುಳಿ, ಒಗರು ಮಾತ್ರ ನಾಲಿಗೆಗೆ ಚುಚ್ಚುತ್ತವೆ. ಪೀಪಾಯಿಯಲ್ಲಿ ಮಾಗಿದ ಶಾರ್ಡನೆಯನ್ನು 11ರಿಂದ 13 ಡಿಗ್ರಿಯಲ್ಲಿ ಕುಡಿಯಬೇಕು. ಮುಂದಿನ ಸಲ ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಪೀಪಾಯಿ ಕಾಣದ ಹಗುರ ಶಾರ್ಡನೆಗೆ 8ರಿಂದ 10 ಡಿಗ್ರಿ ಸಾಕು.

ಬೆಣ್ಣೆಯನ್ನು ಯಾರೂ ಸೇರಿಸುವುದಿಲ್ಲ. ದ್ರಾಕ್ಷಿಯಲ್ಲಿ ಮ್ಯಾಲಿಕ್ ಆಮ್ಲವಿರುತ್ತದೆ, ಹಸಿರು ಸೇಬನ್ನು ಕಚ್ಚಿದಾಗ ದವಡೆ ಜುಮ್ಮೆನ್ನಿಸುವ ಹುಳಿ ಅದೇ. ಬ್ಯಾಕ್ಟೀರಿಯಾಗಳು ಅದನ್ನು ಮೊಸರಿನಲ್ಲಿರುವ ಮೆದು ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಈ ಹಂತದಲ್ಲಿ ಡೈಅಸಿಟೈಲ್ ಎಂಬ ಪದಾರ್ಥವೂ ಹುಟ್ಟುತ್ತದೆ. ನಿಜವಾದ ಬೆಣ್ಣೆಗೆ ಘಮ ಕೊಡುವುದೂ ಅದೇ. ನಿಮ್ಮ ಮೂಗು ತಪ್ಪು ಹೇಳಲಿಲ್ಲ. ವೆನಿಲ್ಲಾ, ಸುಟ್ಟ ಬ್ರೆಡ್ಡಿನ ವಾಸನೆ ಬರುವುದು ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸುವುದರಿಂದ.

ನನಗೆ ಈ ದ್ರಾಕ್ಷಿಯ ಮೇಲೆ ವಿಶೇಷ ಪ್ರೀತಿ ಇರುವುದೂ ಇದೇ ಕಾರಣಕ್ಕೆ. ತನ್ನದೇ ಘಮ ಕಡಿಮೆ, ಬೆಳೆದ ಮಣ್ಣು ಮತ್ತು ಮಾಡಿದ ಕೈ ಎರಡನ್ನೂ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಫ್ರಾನ್ಸಿನ ಬರ್ಗಂಡಿ ಇದರ ತವರು. ಅಲ್ಲಿಯ ಉತ್ತರ ತುದಿಯ ಶಾಬ್ಲಿಯಲ್ಲಿ, ಸಿಂಪಿ ಚಿಪ್ಪಿನ ಪಳೆಯುಳಿಕೆಗಳು ತುಂಬಿದ ಸುಣ್ಣದ ನೆಲದಲ್ಲಿ ಬೆಳೆದದ್ದು ಚೂಪಾಗಿ, ನಿಂಬೆಯಂತೆ ಇರುತ್ತದೆ. ಅದನ್ನು ಕುಡಿದವರಿಗೆ ನಿಮ್ಮ ಬಾಟಲಿಯೂ ಅದೇ ಹಣ್ಣಿನದೆಂದರೆ ನಂಬುವುದು ಕಷ್ಟ. ಇದರ ತಾಯಿ ತಂದೆಯರು ಪಿನೋ ನ್ವಾರ್ ಮತ್ತು ಗುವೆ ಬ್ಲಾಂ ಎಂಬ ತಳಿಗಳೆಂದು 1999ರಲ್ಲಿ ಡಿಎನ್ಎ ಪರೀಕ್ಷೆಯಿಂದ ತಿಳಿಯಿತು. ಎರಡನೆಯದು ಯಾರೂ ಬೆಲೆ ಕೊಡದಿದ್ದ ಸಾಧಾರಣ ಬಳ್ಳಿ!

ರುಚಿ ನೋಡುವಾಗ ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಅಲುಗಾಡಿಸದೆ ಒಮ್ಮೆ ಮೂಸಿ, ಆಮೇಲೆ ತಿರುಗಿಸಿ ಮತ್ತೆ ಮೂಸಿ. ಗುಟುಕನ್ನು ಕೂಡಲೇ ನುಂಗದೆ ಬಾಯಿಯೆಲ್ಲಾ ಓಡಾಡಲು ಬಿಡಿ. ನಾಲಿಗೆಯ ಅಂಚಿನಲ್ಲಿ ನೀರೂರಿದರೆ ಅದು ಹುಳಿ. ಕೆನೆ ಸವರಿದಂತೆ ಅನ್ನಿಸಿದರೆ ಅದು ವೈನ್‌ನ ಮೈ, ಅಂದರೆ ಬಾಯಿಗೆ ತಿಳಿಯುವ ಅದರ ದಪ್ಪ. ಅಡುಗೆಯ ಜೊತೆ ಹೊಂದಿಸಬೇಕಾದದ್ದು ಮುಖ್ಯವಾಗಿ ಈ ಮೈಯನ್ನು, ಬಣ್ಣವನ್ನಲ್ಲ.

ಇನ್ನು ಖಾರ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಕೆರಳಿಸುತ್ತದೆ, ಪೀಪಾಯಿಯ ಒಗರು ಅದಕ್ಕೆ ಕಹಿಯನ್ನು ಕೂಡಿಸುತ್ತದೆ. ಅಡುಗೆಯೂ ಸರಿಯಿತ್ತು, ವೈನೂ ಸರಿಯಿತ್ತು, ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿದ್ದು ಹೊಂದಲಿಲ್ಲ. ಸಿಹಿ ಸಾಸ್ ಹಚ್ಚಿದ ಅಡುಗೆಯೂ ಬೇಡ. ಅದರ ಮುಂದೆ ವೈನ್ ಬರೀ ಹುಳಿಯಾಗುತ್ತದೆ.

ಅದೇ ಕೋಳಿಯನ್ನು ಹೀಗೆ ಮಾಡಿ. ಚರ್ಮವಿರುವ ತೊಡೆಯ ತುಂಡುಗಳಿಗೆ ಉಪ್ಪು, ಕಾಳುಮೆಣಸು ಹಚ್ಚಿ, ಚರ್ಮದ ಬದಿಯನ್ನು ಕೆಳಗೆ ಮಾಡಿ ಸಣ್ಣ ಉರಿಯಲ್ಲಿ ಕಂದುಬಣ್ಣ ಬರುವವರೆಗೆ ಬಿಡಿ. ಅವಸರ ಮಾಡಬೇಡಿ, ಆ ಕಂದು ಚರ್ಮದ ರುಚಿಯೇ ಪೀಪಾಯಿಯ ಸುಟ್ಟ ಘಮವನ್ನು ಕೈ ಚಾಚಿ ಕರೆಯುವುದು. ತುಂಡುಗಳನ್ನು ತೆಗೆದು ಅದೇ ಬಾಣಲೆಯಲ್ಲಿ ಅಣಬೆಯನ್ನು ಬೆಣ್ಣೆಯಲ್ಲಿ ಹುರಿಯಿರಿ. ಅದೇ ವೈನ್ ಅರ್ಧ ಕಪ್ ಸುರಿದು, ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಬಿಡಿಸಿ, ಅರ್ಧಕ್ಕೆ ಇಳಿದ ಮೇಲೆ ಸ್ವಲ್ಪ ಕೆನೆ ಬೆರೆಸಿ. ಕೋಳಿಯನ್ನು ಮರಳಿ ಹಾಕಿ, ಒಳಗೆ ಪೂರ್ತಿ ಬೇಯುವ ತನಕ ಮುಚ್ಚಿಡಿ. ಮಾಂಸ ತಿನ್ನದವರು ಅಣಬೆಯನ್ನೇ ಹೆಚ್ಚಿಸಿಕೊಂಡರೆ ಏನೂ ಕಡಿಮೆಯಾಗುವುದಿಲ್ಲ.

ಬಡಿಸುವ ಮುನ್ನ ಒಂದು ಚಮಚ ಸಾಸ್ ತಿಂದು ವೈನ್ ಕುಡಿಯಿರಿ. ವೈನ್ ಇನ್ನೂ ಚುಚ್ಚುತ್ತಿದ್ದರೆ ಸಾಸಿಗೆ ಚಿಟಿಕೆ ಉಪ್ಪು, ನಾಲ್ಕೇ ಹನಿ ನಿಂಬೆರಸ ಹಾಕಿ ಮತ್ತೆ ಕುಡಿದು ನೋಡಿ. ಬಾಟಲಿಯನ್ನು ಮುಟ್ಟದೆಯೇ ವೈನ್ ಮೆತ್ತಗಾಗಿರುತ್ತದೆ. ನಾನು ಪ್ರತಿ ಸಲವೂ ಉಪ್ಪು, ಹುಳಿಯನ್ನು ಸರಿಮಾಡುವುದು ಹೀಗೆ, ಲೋಟವನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡೇ. ವೈನ್ ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನ ಚೆನ್ನಾಗಿರುತ್ತದೆ.