ನಿರ್ಣಯ ಮೊದಲು, ವಿಧೇಯತೆ ಅದರ ಹಿಂದೆ

ಪತ್ರ: “ಮಾನ್ಯ ಸಂಪಾದಕರೇ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ನಾನು ಈಗ ನಮ್ಮ ಚರ್ಚಿನಲ್ಲಿ, ಮಕ್ಕಳನ್ನು ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಪಡಿಸುವ ದೃಢೀಕರಣ ತರಗತಿಯನ್ನು ನಡೆಸುತ್ತಿದ್ದೇನೆ. ಮನುಷ್ಯನು ನೀತಿವಂತನಾಗುವುದು ನಂಬಿಕೆಯಿಂದ, ಕ್ರಿಯೆಗಳಿಂದಲ್ಲ ಎಂದು ನಿಮ್ಮ ಪತ್ರಿಕೆ ವರ್ಷಗಟ್ಟಲೆ ಬರೆಯುತ್ತ ಬಂದಿದೆ. ಅದರ ಫಲ ನನ್ನ ಕಣ್ಣಮುಂದಿದೆ. ಆರಾಧನೆಗೆ ಬಾರದ, ಪಡೆದ ಸಾಲವನ್ನು ಹಿಂದಿರುಗಿಸದ, ಹೆತ್ತವರಿಗೆ ಎದುರು ಮಾತಾಡುವ ಹುಡುಗರನ್ನು ವಿಚಾರಿಸಿದರೆ ‘ಎಲ್ಲ ಕೃಪೆ ಸಾರ್’ ಎನ್ನುತ್ತಾರೆ. ದಯವಿಟ್ಟು ಒಂದು ವರ್ಷ ಈ ಬೋಧನೆಯನ್ನು ಬದಿಗಿಟ್ಟು ವಿಧೇಯತೆಯ ಬಗ್ಗೆ ಮಾತ್ರ ಬರೆಯಿರಿ. ಯಾಕೋಬನೂ ಬೈಬಲಿನಲ್ಲಿದ್ದಾನಲ್ಲವೇ?” — ಒಬ್ಬ ನಿವೃತ್ತ ಶಿಕ್ಷಕರು

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ,

ತರಗತಿಯ ಒಂದೊಂದು ಮಗುವಿನ ಮುಖವನ್ನೂ ನೆನೆದು ಬರೆದ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಕಳಕಳಿಯ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ.

ನೀವು ಹೇಳುವುದರಲ್ಲಿ ಸತ್ಯವಿದೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನು ಹೊಸ ಒಡಂಬಡಿಕೆಯ ತನ್ನ ಪತ್ರಿಕೆಯಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು. ಜರ್ಮನಿಯಲ್ಲಿ ನಾಜಿಗಳ ಆಳ್ವಿಕೆ ನಡೆಯುತ್ತಿದ್ದ 1937ರಲ್ಲಿ ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ ಬದುಕನ್ನು ಬದಲಿಸದ ‘ಅಗ್ಗದ ಕೃಪೆ’ಯೇ ಸಭೆಯ ಪರಮ ಶತ್ರು ಎಂದು ಬರೆದರು, ನಂಬುವವನು ಮಾತ್ರ ವಿಧೇಯನು, ವಿಧೇಯನು ಮಾತ್ರ ನಂಬುವವನು ಎಂದರು, ತಮ್ಮ ಮಾತಿನ ಬೆಲೆಯನ್ನು 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬ್ಯುರ್ಗ್ ಶಿಬಿರದ ಗಲ್ಲುಗಂಬದಲ್ಲಿ ತೆತ್ತರು. ನಿಮ್ಮ ತರಗತಿಯ ಹುಡುಗರು ಕೃಪೆಯ ಹೆಸರು ಹೇಳಿಕೊಂಡು ಸಾಲ ಮುಳುಗಿಸುತ್ತಿದ್ದರೆ ಅವರನ್ನು ಗದರಿಸುವ ಹಕ್ಕು ನಿಮಗಿದೆ. ಆದರೆ ರೋಗಕ್ಕೆ ನೀವು ಬರೆದುಕೊಟ್ಟ ಮದ್ದನ್ನು ನಾನು ಒಪ್ಪಲಾರೆ, ಏಕೆಂದರೆ ಆ ಹುಡುಗರು ಕೃಪೆಯನ್ನು ಅತಿಯಾಗಿ ಕೇಳಿ ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಆ ಪದವೊಂದೇ ತಲುಪಿದೆ.

ನಿಮ್ಮ ದೂರು ಬಹಳ ಹಳೆಯದು. ಕೃಪೆ ಹೆಚ್ಚಲಿ ಎಂದು ಪಾಪದಲ್ಲಿಯೇ ಉಳಿಯೋಣವೇ ಎಂಬ ಪ್ರಶ್ನೆಯನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಬಾಗಿಲಲ್ಲೇ ಎತ್ತಿಕೊಳ್ಳುತ್ತಾನೆ. ಅದಕ್ಕೆ ಉತ್ತರವಾಗಿ ಹಿಂದಿನ ಮೂರು ಅಧ್ಯಾಯಗಳನ್ನು ಹಿಂದಕ್ಕೆ ತೆಗೆದುಕೊಳ್ಳದೆ, ನಿಮ್ಮ ದೀಕ್ಷಾಸ್ನಾನವನ್ನು ನೆನೆಯಿರಿ, ನೀವು ಕ್ರಿಸ್ತನೊಂದಿಗೆ ಸತ್ತು ಎದ್ದವರಲ್ಲವೇ ಎಂದು ಕೇಳುತ್ತಾನೆ. ಸುಮಾರು ಒಂದೂವರೆ ಸಾವಿರ ವರ್ಷಗಳ ತರುವಾಯ ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ತಪಾಸಣೆ ಮಾಡಿ ಬಂದಾಗ ನೀವು ಬರೆದಂಥದ್ದನ್ನೇ ಬರೆದರು: ಜನರಿಗೆ ಕರ್ತನ ಪ್ರಾರ್ಥನೆಯೂ ದಶಾಜ್ಞೆಗಳೂ ಬಾರವು, ಸುವಾರ್ತೆ ಬಂದ ಮೇಲೆ ಸಿಕ್ಕ ಸ್ವಾತಂತ್ರ್ಯವನ್ನು ಕೆಡಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ. ಈ ಕೊರಗು ನಂಬಿಕೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ 1529ರ ಅವರ ‘ಕಿರು ಪ್ರಶ್ನೋತ್ತರ’ದ ಮುನ್ನುಡಿಯಲ್ಲಿದೆ. ಹಾಗೆಂದು ಅವರು ನಂಬಿಕೆಯ ಬೋಧನೆಯನ್ನು ಒಂದು ವರ್ಷ ಬದಿಗಿಡಲಿಲ್ಲ. ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಹೇಳಿಕೊಡಬಹುದಾದ ಪುಟ್ಟ ಪುಸ್ತಕವನ್ನು ಬರೆದು, ಒಂದೊಂದು ಆಜ್ಞೆಯ ವಿವರಣೆಯನ್ನೂ ‘ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು’ ಎಂದು ಆರಂಭಿಸಿದರು. ಕದಿಯಬೇಡ ಎಂಬುದರ ಬೇರು ಪ್ರೀತಿಯಲ್ಲಿದೆ ಎಂದು ತೋರಿಸಿದ ಮೇಲೆಯೇ ಅವರು ಕಳ್ಳತನದ ಮಾತನ್ನೆತ್ತಿದ್ದು.

ಇದೇ ಮನುಷ್ಯನು ವಿಧೇಯತೆಯನ್ನು ಬಲ್ಲವನಲ್ಲವೆಂದು ಯಾರೂ ಹೇಳಲಾಗದು. 1505ರಲ್ಲಿ ಎರ್ಫುರ್ಟ್ ಪಟ್ಟಣದ ಅಗಸ್ಟೀನಿಯನ್ ಮಠವನ್ನು ಸೇರಿದ ಅವರು ಉಪವಾಸ, ಜಾಗರಣೆ, ತಾಸುಗಟ್ಟಲೆ ಪಾಪನಿವೇದನೆ ಎಲ್ಲವನ್ನೂ ಮಾಡಿ ನೋಡಿದ್ದರು. ನಿಂದೆಯಿಲ್ಲದ ಸನ್ಯಾಸಿಯಾಗಿ ಬದುಕಿದರೂ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ, ‘ದೇವರ ನೀತಿ’ ಎಂಬ ಮಾತನ್ನೇ ದ್ವೇಷಿಸುತ್ತಿದ್ದೆ ಎಂದು 1545ರಲ್ಲಿ, ಸಾಯುವ ಹಿಂದಿನ ವರ್ಷ, ಅವರು ನೆನೆದುಕೊಂಡಿದ್ದಾರೆ. ಭಯದಿಂದ ಮಾಡಿದ ವಿಧೇಯತೆ ಕೊನೆಗೆ ದೇವರ ಮೇಲಿನ ದ್ವೇಷವಾಗಿ ತಿರುಗಿತು. ಮೇಷ್ಟ್ರೇ, ಒಂದು ವರ್ಷ ವಿಧೇಯತೆಯನ್ನು ಮಾತ್ರ ಬೋಧಿಸಿರಿ ಎನ್ನುವವರು ಈ ತಪ್ಪೊಪ್ಪಿಗೆಯನ್ನು ಒಮ್ಮೆ ನಿಧಾನವಾಗಿ ಓದಬೇಕು.

ನನಗೂ ಅದರ ರುಚಿ ಗೊತ್ತು. ಹದಿನಾರನೆಯ ವಯಸ್ಸಿನಲ್ಲಿ ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಗಡೆ ಆ ದಿನದ ಪಾಪಗಳನ್ನು, ಬಲಗಡೆ ಮಾಡಿದ ಒಳ್ಳೆಯ ಕೆಲಸಗಳನ್ನು ಬರೆದಿಡುತ್ತಿದ್ದೆ. ಎಡಗಡೆಯ ಸಾಲುಗಳೇ ಹೆಚ್ಚಾಗಿದ್ದ ತಿಂಗಳಲ್ಲಿ, ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಏಳದೆ ಬೆಂಚಿನಲ್ಲೇ ಕುಳಿತಿರುತ್ತಿದ್ದೆ. ಹೀಗೆ ಮೂರು ಸಲ ಕುಳಿತದ್ದನ್ನು ಗಮನಿಸಿದ ನಮ್ಮ ಹಳ್ಳಿಯ ಮುದಿ ಉಪದೇಶಿಯೊಬ್ಬರು ಒಂದು ಸಂಜೆ ಕೂರಿಸಿಕೊಂಡು ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ತೆರೆದರು. “ನೀತಿವಂತರೆಂಬ ನಿರ್ಣಯ ಹೊಂದಿದವರು ಅಂತಿದೆಯೋ, ಹೊಂದುವವರು ಅಂತಿದೆಯೋ, ನೋಡಪ್ಪಾ” ಎಂದರು. ‘ಹೊಂದಿದವರು’ ಎಂದೆ. “ಹಾಗಾದರೆ ತೀರ್ಪು ಬಂದು ಆಗಿದೆ. ನೀನು ಯಾವ ಕೋರ್ಟಿಗೆ ಈ ಲೆಕ್ಕ ಬರೆಯುತ್ತಿದ್ದೀಯ?” ಕನ್ನಡ ವ್ಯಾಕರಣವನ್ನು ಜೀವಮಾನವೆಲ್ಲ ಕಲಿಸಿದ ನಿಮಗೆ ಆ ಭೂತಕೃದಂತದ ಭಾರ ಎಷ್ಟೆಂದು ನಾನು ವಿವರಿಸಬೇಕಾಗಿಲ್ಲ. ನೀತಿವಂತನೆಂಬ ನಿರ್ಣಯ ನ್ಯಾಯಾಲಯದ ಮಾತು. ತೀರ್ಪು ಹೊರಬಿದ್ದ ಮೇಲೆ ಆರೋಪಿ ಕಟಕಟೆಯಿಂದ ಇಳಿದು ಮನೆಗೆ ಹೋಗುತ್ತಾನೆ. ಮನೆಯಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿರುತ್ತದೆ, ಆದರೆ ಅಲ್ಲಿ ಅವನು ಮಗನಾಗಿ ದುಡಿಯುತ್ತಾನೆ. ಆ ಉಪದೇಶಿಯವರ ಮಾತು ಕೇಳಿದ ಮೇಲೆ ನಾನು ಸುಳ್ಳು ಹೇಳುವುದು ಕಡಿಮೆಯಾಯಿತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ನೋಟ್‌ಬುಕ್ಕು ಅದನ್ನು ಸಾಧಿಸಿರಲಿಲ್ಲ.

ಬೈಬಲಿನಲ್ಲಿ ಎಲ್ಲೆಲ್ಲಿ ನೋಡಿದರೂ ಕ್ರಮ ಇದೇ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಮೊದಲನೆಯ ಆಜ್ಞೆಗಿಂತ ಮುಂಚೆ ಒಂದು ವಾಕ್ಯವಿದೆ: ದಾಸತ್ವದಲ್ಲಿದ್ದ ನಿನ್ನನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿದ ದೇವರು ನಾನು. ಹತ್ತು ಆಜ್ಞೆಗಳನ್ನು ಪಾಲಿಸಿದರೆ ಸಮುದ್ರವನ್ನು ದಾಟಿಸುತ್ತೇನೆ ಎಂದು ದೇವರು ಹೇಳಲಿಲ್ಲ. ದಾಟಿಸಿ, ಮನ್ನ ಉಣ್ಣಿಸಿ, ಆಮೇಲೆ ಸೀನಾಯಿ ಬೆಟ್ಟದ ಬುಡದಲ್ಲಿ ನಿಲ್ಲಿಸಿ ಆಜ್ಞೆ ಕೊಟ್ಟನು. ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಹೆಂಗಸಿಗೆ ಯೇಸು ‘ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ’ ಎಂದ ಮೇಲೆ ‘ಇನ್ನು ಪಾಪ ಮಾಡಬೇಡ’ ಎಂದನು. ಆ ಎರಡು ಮಾತುಗಳನ್ನು ಹಿಂದುಮುಂದಾಗಿಸಿದರೆ ಅದು ಸುವಾರ್ತೆಯಾಗಿ ಉಳಿಯುವುದಿಲ್ಲ. ನಿಮ್ಮ ಯಾಕೋಬನೂ ಈ ಕ್ರಮವನ್ನು ಮೀರಿದವನಲ್ಲ. ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ್ದು ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ, ಅವನ ಮಗ ಇಸಾಕನು ಇನ್ನೂ ಹುಟ್ಟದಿದ್ದಾಗ. ಯಾಕೋಬನು ಎತ್ತಿ ಹೇಳುವ, ಅಬ್ರಹಾಮನು ಇಸಾಕನನ್ನು ಯಜ್ಞವೇದಿಯ ಮೇಲೆ ಅರ್ಪಿಸಲು ಮುಂದಾದ ಘಟನೆ ಇಪ್ಪತ್ತೆರಡನೆಯ ಅಧ್ಯಾಯದ್ದು, ಆ ಮಗನು ಕಟ್ಟಿಗೆ ಹೊರುವಷ್ಟು ಬೆಳೆದಿದ್ದಾಗಿನದು. ಬೇರು ನೆಲಕ್ಕಿಳಿದ ಎಷ್ಟೋ ವರ್ಷಗಳ ಮೇಲೆ ಕಾಣಿಸಿಕೊಂಡ ಹಣ್ಣನ್ನು ಯಾಕೋಬನು ಬೊಟ್ಟುಮಾಡಿ ತೋರಿಸುತ್ತಿದ್ದಾನೆ. (ಲೂಥರ್ ಯಾಕೋಬನ ಪತ್ರಿಕೆಯನ್ನು ಹುರುಳಿಲ್ಲದ ‘ಹುಲ್ಲಿನ ಪತ್ರಿಕೆ’ ಎಂದು 1522ರಲ್ಲಿ ಕರೆದದ್ದನ್ನು ನಾನು ಎಂದೂ ಸಮರ್ಥಿಸಿಲ್ಲ.)

1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪ್ರಕಟವಾದ ಪ್ರಶ್ನೋತ್ತರ ನಿಮ್ಮ ತರಗತಿಗೆ ಸಿಗಲಿ ಎಂಬುದು ನನ್ನ ಆಸೆ. ಅದರ 129 ಪ್ರಶ್ನೆಗಳು ಮನುಷ್ಯನ ದುರವಸ್ಥೆ, ಅವನ ಬಿಡುಗಡೆ, ಅವನ ಕೃತಜ್ಞತೆ ಎಂಬ ಮೂರು ಭಾಗಗಳಲ್ಲಿ ಹಂಚಿಕೊಂಡಿವೆ. ದಶಾಜ್ಞೆಗಳ ವಿವರಣೆ ಬರುವುದು ಮೂರನೆಯ ಭಾಗದಲ್ಲಿ, ಕೃತಜ್ಞತೆಯ ಹೆಸರಿನಡಿ. ಲೂಥರ್ ಆಜ್ಞೆಗಳನ್ನು ಮೊದಲಿಗಿಟ್ಟರು, ಅದಕ್ಕೂ ಕಾರಣವಿತ್ತು. ಆದರೆ ನನ್ನ ಒಲವು ಈ ಹೈಡೆಲ್‌ಬರ್ಗಿನ ಜೋಡಣೆಯ ಕಡೆಗೆ. ಈ ಬೋಧನೆ ಜನರನ್ನು ಉಡಾಫೆಯವರನ್ನಾಗಿ ಮಾಡುವುದಿಲ್ಲವೇ ಎಂಬ ನಿಮ್ಮದೇ ಪ್ರಶ್ನೆ ಅಲ್ಲಿ 64ನೆಯದು. ಇಲ್ಲ, ನಿಜವಾದ ನಂಬಿಕೆಯಿಂದ ಕ್ರಿಸ್ತನಲ್ಲಿ ಕಸಿಮಾಡಲ್ಪಟ್ಟವರು ಕೃತಜ್ಞತೆಯ ಫಲವನ್ನು ಕೊಡದಿರುವುದು ಅಸಾಧ್ಯ ಎಂಬುದು ಉತ್ತರ.

ಇನ್ನು ನನ್ನ ಎದೆಯಲ್ಲಿರುವ ಒಂದು ನೋವನ್ನು ಹೇಳಿಬಿಡುತ್ತೇನೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳವರೂ ರೋಮನ್ ಕಥೋಲಿಕರೂ ಕುಳಿತು, ದೇವರು ನಮ್ಮನ್ನು ಅಂಗೀಕರಿಸುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ಶತಮಾನಗಳ ಜಗಳದವರು ಅಷ್ಟು ದೂರ ನಡೆದು ಬಂದಿರುವಾಗ, ನಮ್ಮ ಪ್ರಸಂಗಪೀಠಗಳಿಂದ ಇಂದು ಕೇಳಿಬರುವುದೇನು? ಆದಾಯದ ಹತ್ತನೆಯ ಪಾಲಾದ ದಶಮಾಂಶದ ಕಾಣಿಕೆ ತಪ್ಪಿದರೆ ಆಶೀರ್ವಾದ ನಿಲ್ಲುತ್ತದೆ, ಇಪ್ಪತ್ತೊಂದು ದಿನ ಉಪವಾಸ ಮಾಡಿದರೆ ವೀಸಾ ಸಿಗುತ್ತದೆ, ಜ್ವರ ಇಳಿಯದಿದ್ದರೆ ನಿಮ್ಮ ನಂಬಿಕೆ ಸಾಲದು. ನಂಬಿಕೆಯನ್ನೇ ಒಂದು ಕ್ರಿಯೆಯನ್ನಾಗಿ ಮಾಡಿ, ಅದರ ಕೂಲಿಯನ್ನು ದೇವರಿಂದ ವಸೂಲಿಮಾಡುವುದನ್ನು ಜನರಿಗೆ ಕಲಿಸಲಾಗುತ್ತಿದೆ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ಅವಳ ಪ್ರಾರ್ಥನೆ ಸಾಲಲಿಲ್ಲವೆಂದು ಹೇಳಿದ್ದನ್ನು ನಾನು ಆ ಮನೆಯ ಜಗಲಿಯಲ್ಲಿ ನಿಂತು ಕೇಳಿದ್ದೇನೆ. ಇದನ್ನೆಲ್ಲ ವಾರವಾರವೂ ಕೇಳುವ ನಿಮ್ಮ ಹುಡುಗರು ಆ ಲೆಕ್ಕಾಚಾರದಿಂದ ಬೇಸತ್ತು ‘ಎಲ್ಲ ಕೃಪೆ’ ಎಂದು ಕೈ ಕೊಡವಿಕೊಂಡಿದ್ದರೆ, ತಪ್ಪಿನ ದೊಡ್ಡ ಪಾಲು ಪೀಠದಲ್ಲಿ ನಿಂತವರದು, ನಮ್ಮಂಥ ಪತ್ರಿಕೆಯವರದು. ನನ್ನ ಮೇಜಿಗೆ ಬರುವ ಲೇಖನಗಳಲ್ಲೂ ‘ಜಯದ ಜೀವಿತಕ್ಕೆ ಏಳು ಹೆಜ್ಜೆ’ ಎಂಬ ಬಗೆಯವೇ ಹೆಚ್ಚು. ಅವುಗಳಲ್ಲಿ ಶಿಲುಬೆಯನ್ನು ಎಂಟನೆಯ ಹೆಜ್ಜೆಯಾಗಿಯೂ ಕಾಣೆ.

ಅದೇ ವೇಳೆ, ದಿನನಿತ್ಯದ ನಿಜವಾದ ವಿಧೇಯತೆಯನ್ನು ನಾವು ಕಡೆಗಣಿಸಿದ್ದೇವೆ. ಮಗುವಿನ ಹೊಲಸು ಬಟ್ಟೆಯನ್ನು ತಂದೆ ನಂಬಿಕೆಯಿಂದ ಒಗೆದರೆ ಜನ ನಕ್ಕರೂ ದೇವರು ತನ್ನ ದೂತರೊಂದಿಗೆ ಸಂತೋಷದಿಂದ ನಗುತ್ತಾನೆ ಎಂದು ಲೂಥರ್ 1522ರಲ್ಲಿ ಬರೆದರು. ದೇವರ ಮೆಚ್ಚುಗೆಯನ್ನು ಕೊಂಡುಕೊಳ್ಳುವ ಚಿಂತೆ ತೀರಿದವನ ಕೈಗಳು ಬಿಡುವಾಗಿರುತ್ತವೆ. ಅವು ಅತ್ತೆಯ ಔಷಧಕ್ಕೆ, ನೆರೆಯವನ ಸಾಲಕ್ಕೆ, ಲಂಚವಿಲ್ಲದೆ ಮುಂದೆ ಸಾಗಬೇಕಾದ ಕಡತಕ್ಕೆ ಒದಗುತ್ತವೆ. ದೇವರಿಗೆ ನಮ್ಮ ಕ್ರಿಯೆಗಳ ಕೊರತೆಯಿಲ್ಲ, ನೆರೆಯವನಿಗೆ ಇದೆ.

ಆದ್ದರಿಂದ ಮೇಷ್ಟ್ರೇ, ಒಂದು ವರ್ಷದ ನಿಮ್ಮ ಬೇಡಿಕೆಯನ್ನು ನಡೆಸಿಕೊಡಲಾರೆ. ಬದಲಿಗೆ ಒಂದು ಕೆಲಸವನ್ನು ನಿಮಗೇ ಒಪ್ಪಿಸುತ್ತೇನೆ. ದೃಢೀಕರಣ ತರಗತಿಯ ಮಕ್ಕಳಿಗಾಗಿ ದಶಾಜ್ಞೆಗಳ ಮೇಲೆ ಹತ್ತು ಪಾಠಗಳನ್ನು ಬರೆದು ಕಳುಹಿಸಿರಿ. ಸಾಲ ತೀರಿಸುವುದನ್ನೂ ಹೆತ್ತವರ ಮಾತನ್ನೂ ನೀವು ಬಯಸಿದಷ್ಟು ಗಟ್ಟಿಯಾಗಿ ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ತಿಂಗಳಿಗೊಂದರಂತೆ ಅಚ್ಚುಮಾಡುತ್ತೇನೆ. ಆದರೆ ಮೊದಲನೆಯ ಪಾಠ ಐಗುಪ್ತದ ಬಿಡುಗಡೆಯಿಂದಲೇ ಆರಂಭವಾಗಿರಲಿ.