ಇನ್ನೂರು ಜನರ ಗುಂಪಿಗೆ ಮೇಲಿಂಗ್ ಲಿಸ್ಟ್ ಸಾಕಾ, ವೆಬ್ ಫೋರಂ ಬೇಕಾ?

ನೀವು ಕೇಳಿರುವುದು ಇಷ್ಟು: ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಸುತ್ತ ಸುಮಾರು ಇನ್ನೂರು ಜನ ಸೇರಿದ್ದೀರಿ. ಚಾಟ್ ಗುಂಪಿನಲ್ಲಿ ಆಡಿದ ಮಾತೆಲ್ಲ ಕಳೆದುಹೋಗುತ್ತಿದೆ. ಹೊಸಬರು ವಾರ ವಾರವೂ ಬರುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಈಗ ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ) ಶುರು ಮಾಡಬೇಕಾ, ಫೋರಂ (ವಿಷಯವಾರು ಚರ್ಚೆ ನಡೆಯುವ ವೆಬ್‌ಸೈಟ್) ಹಾಕಬೇಕಾ?

ನಾನು ಎರಡನ್ನೂ ನಡೆಸಿದ್ದೇನೆ. ನಿಮಗೆ ಫೋರಂ ಸರಿ ಅನ್ನುತ್ತೇನೆ. ಹೊಸಬರು ಬರುತ್ತಲೇ ಇರುತ್ತಾರೆ ಎಂದಿರಲ್ಲ, ಅದೇ ಕಾರಣ. ನಿಮ್ಮಲ್ಲಿ ಈಗ ಬರೆಯುವುದನ್ನು ಇನ್ನೂ ಸೇರದವರೂ ಮುಂದೆ ಓದಬೇಕು. ಈಗಿರುವವರಷ್ಟೇ ಓದಿದರೆ ಸಾಕು ಅನ್ನುವ ಗುಂಪಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಲಿಸ್ಟ್‌ನ ದೊಡ್ಡ ಬಲ ಅದು ತಾನಾಗಿಯೇ ಓದುಗರ ಬಳಿ ಹೋಗುವುದು. ಯಾರೂ ನೆನಪಿಟ್ಟುಕೊಂಡು ಬಂದು ನೋಡಬೇಕಿಲ್ಲ. ಪರಸ್ಪರ ಗೊತ್ತಿರುವವರು, ದಿನಾ ಒಟ್ಟಿಗೆ ಕೆಲಸ ಮಾಡುವವರು ಇದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವ ತಂಡ ಇವತ್ತಿಗೂ ಪ್ಯಾಚ್‌ಗಳನ್ನು (ಕೋಡ್‌ನ ಬದಲಾವಣೆಗಳನ್ನು) ಇಮೇಲ್‌ನಲ್ಲೇ ಕಳಿಸಿ, ಒಂದೊಂದು ಸಾಲಿನ ಕೆಳಗೂ ಉತ್ತರ ಬರೆದು ಚರ್ಚಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ತಂಡವೂ ಹಾಗೆಯೇ. ಪ್ರತಿಯೊಬ್ಬರ ಬಳಿಯೂ ಒಂದು ಪ್ರತಿ ಉಳಿಯುತ್ತದೆ. ಸರ್ವರ್ ಸತ್ತರೂ ಮಾತು ಸಾಯುವುದಿಲ್ಲ.

ಕಷ್ಟ ಬರುವುದು ಹೊಸಬರಿಗೆ. ಇವತ್ತು ಸೇರಿದವರ ಇನ್‌ಬಾಕ್ಸ್‌ನಲ್ಲಿ ನಿನ್ನೆಯ ಮೇಲ್ ಇರುವುದಿಲ್ಲ. ಹಳೆಯ ಮೇಲ್‌ಗಳ ಸಂಗ್ರಹ, ಅಂದರೆ ಆರ್ಕೈವ್, ವೆಬ್‌ನಲ್ಲಿ ಓದಲು ಸಿಗುತ್ತದೆ ನಿಜ, ಆದರೆ ಅಲ್ಲಿ ಕಂಡ ಹಳೆಯ ಚರ್ಚೆಗೆ ಉತ್ತರಿಸುವುದು ಹೇಗೆ? ಯಾವ ಮೇಲ್ ಯಾವುದಕ್ಕೆ ಉತ್ತರ ಅನ್ನುವುದು ಅದರ ಹೆಡರ್‌ನಲ್ಲಿರುವ (ತಲೆಭಾಗದ ವಿವರಗಳಲ್ಲಿರುವ) ಮೆಸೇಜ್ ಐಡಿ ಎಂಬ ಗುರುತಿನಿಂದ ತಿಳಿಯುತ್ತದೆ. ಮೂಲ ಮೇಲ್ ಕೈಯಲ್ಲಿಲ್ಲದಿದ್ದರೆ ಕೊಂಡಿ ತಪ್ಪಿ, ಹೊಸ ಚರ್ಚೆಯೇ ಶುರುವಾಗಿಬಿಡುತ್ತದೆ. ಜೊತೆಗೆ, ಒಂದೇ ಒಂದು ಸಣ್ಣ ಪ್ರಶ್ನೆ ಕೇಳಲು ಬಂದವರಿಗೂ ಗುಂಪಿನ ಅಷ್ಟೂ ಮೇಲ್ ಹರಿದುಬರುತ್ತದೆ. ಎರಡು ದಿನಕ್ಕೆ ಬಿಟ್ಟು ಓಡುತ್ತಾರೆ, ಅವರ ತಪ್ಪೇನಿಲ್ಲ ಅಲ್ವಾ?

ಇನ್ನೊಂದು ವಿಷಯ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಕಳಿಸಿದ ಮೇಲ್ ಅನ್ನು ತಿದ್ದಲು ಆಗುವುದಿಲ್ಲ. ಯಾರೋ ಕೊಟ್ಟ ತಪ್ಪು ಉತ್ತರ ಆರ್ಕೈವ್‌ನಲ್ಲಿ ಹಾಗೇ ನಿಲ್ಲುತ್ತದೆ. ಅದನ್ನು ಸರಿಪಡಿಸಿದ ಮಾತು ಅದರ ಕೆಳಗೆ ನಾಲ್ಕನೆಯದೋ ಐದನೆಯದೋ ಮೇಲ್‌ನಲ್ಲಿರುತ್ತದೆ. ಸರ್ಚ್‌ನಿಂದ ಬಂದವರು ಮೊದಲನೆಯದನ್ನು ಓದಿ ಹೊರಟುಹೋಗುತ್ತಾರೆ. ಫೋರಂನಲ್ಲಿ ಆ ಮೊದಲ ಪೋಸ್ಟನ್ನೇ ತಿದ್ದಬಹುದು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವ ಕಡೆ ಇದು ಎಷ್ಟು ಶ್ರಮ ಉಳಿಸುತ್ತದೆ ಅನ್ನುವುದು ನಡೆಸಿದವರಿಗೇ ಗೊತ್ತು.

ಲಿಸ್ಟ್ ನಡೆಸುವ ಕೆಲಸವೂ ಈಗ ಮೊದಲಿನಷ್ಟು ಸುಲಭ ಇಲ್ಲ. ಲಿಸ್ಟ್ ನಿಮ್ಮ ಮೇಲ್ ತೆಗೆದುಕೊಂಡು, ಸಬ್ಜೆಕ್ಟ್‌ಗೆ ಗುಂಪಿನ ಹೆಸರು, ಕೊನೆಗೆ ಒಂದು ಅಡಿಬರಹ ಸೇರಿಸಿ ಎಲ್ಲರಿಗೂ ಕಳಿಸುತ್ತದೆ. ಹಾಗೆ ಮುಟ್ಟಿದಾಗ, ದಾರಿಯಲ್ಲಿ ಮೇಲ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಮುರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ, ಅದರ ಹಿಂದೆಯೇ ಎಒಎಲ್ ಎಂಬ ಇನ್ನೊಂದು ಮೇಲ್ ಸೇವೆ, ತಮ್ಮ ವಿಳಾಸದಿಂದ ಬಂದ ಇಂಥ ಮೇಲ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ತಿರಸ್ಕರಿಸಿ ಎಂದು ಡಿಮಾರ್ಕ್ (ವಿಳಾಸದ ನಕಲು ತಡೆಯುವ ವ್ಯವಸ್ಥೆ) ನಿಯಮ ಹಾಕಿದವು. ಯಾಹೂ ಸದಸ್ಯರೊಬ್ಬರು ಮೇಲ್ ಬರೆದರೆ, ಬೇರೆ ಕಡೆಯ ಸದಸ್ಯರಿಗೆ ಅದು ತಲುಪದೆ ಬೌನ್ಸ್ ಆಗುತ್ತಿತ್ತು, ಅಂದರೆ ವಾಪಸ್ ಬರುತ್ತಿತ್ತು. ಹೀಗೆ ಬೌನ್ಸ್ ಜಾಸ್ತಿಯಾದರೆ ಆ ವಿಳಾಸ ಕೆಟ್ಟಿದೆ ಎಂದು ಲಿಸ್ಟ್ ತಿಳಿದು, ಏನೂ ಮಾಡದವರ ಸದಸ್ಯತ್ವವೇ ನಿಂತುಹೋಗುತ್ತಿತ್ತು! ಕಳಿಸಿದವರ ವಿಳಾಸದ ಜಾಗದಲ್ಲಿ ಲಿಸ್ಟ್‌ನ ವಿಳಾಸ ಹಾಕುವ ಉಪಾಯ ಆಮೇಲೆ ರೂಢಿಗೆ ಬಂತು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಇನ್ನೂ ಬಿಗಿ ಮಾಡಿವೆ. ಸ್ವಂತ ಸರ್ವರ್‌ನಲ್ಲಿ ಲಿಸ್ಟ್ ನಡೆಸುವುದಾದರೆ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ಫೋರಂನ ಕೊರತೆ ಒಂದೇ, ಆದರೆ ಸಣ್ಣದಲ್ಲ. ಜನ ಬರಬೇಕು. ಮೊದಲ ತಿಂಗಳು ಉತ್ಸಾಹದಿಂದ ಬರುತ್ತಾರೆ, ಆಮೇಲೆ ಮರೆಯುತ್ತಾರೆ. ಅದಕ್ಕೇ ಇಮೇಲ್‌ನಲ್ಲೇ ಓದಿ, ಇಮೇಲ್‌ನಲ್ಲೇ ಉತ್ತರಿಸಲು ಬಿಡುವ ಫೋರಂ ಆರಿಸಿ. 2013ರಲ್ಲಿ ಬಂದ ಡಿಸ್ಕೋರ್ಸ್ ಎಂಬ ಫೋರಂ ಸಾಫ್ಟ್‌ವೇರ್‌ನಲ್ಲಿ ಅದು ಆಗುತ್ತದೆ, ಒಳಬರುವ ಮೇಲ್ ಅನ್ನು ನೀವು ಸೆಟಪ್ ಮಾಡಿಟ್ಟಿರಬೇಕು ಅಷ್ಟೆ. ಪೈಥಾನ್ ಭಾಷೆಯ ಡೆವಲಪರ್‌ಗಳ ಚರ್ಚೆ, ಗ್ನೋಮ್ ಎಂಬ ಡೆಸ್ಕ್‌ಟಾಪ್ ಪ್ರಾಜೆಕ್ಟ್‌ನ ಲಿಸ್ಟ್‌ಗಳು 2022ರಲ್ಲಿ ಅದಕ್ಕೇ ಹೋದವು. ಚರ್ಚೆ ಕವಲೊಡೆದರೆ ಅಲ್ಲಿ ಹಿಂಬಾಲಿಸುವುದು ಕಷ್ಟ ಎಂದು ಲಿಸ್ಟ್‌ಗೆ ಒಗ್ಗಿದವರು ದೂರುತ್ತಾರೆ. ಆ ದೂರು ನಿಜ. ನಿಮ್ಮಲ್ಲಿ ಅಂಥವರೇ ಜಾಸ್ತಿ ಇದ್ದರೆ ಮೇಲ್‌ಮ್ಯಾನ್ 3 ಎಂಬ ಸಾಫ್ಟ್‌ವೇರ್ ನೋಡಿ. ಅದು ಲಿಸ್ಟೇ, ಆದರೆ ವೆಬ್ ಆರ್ಕೈವ್‌ನಿಂದಲೇ ಉತ್ತರ ಬರೆಯಬಹುದು.

ಯಾವುದೇ ಆದರೂ ಸ್ವಂತ ಡೊಮೇನ್‌ನಲ್ಲಿ, ಅಂದರೆ ನಿಮ್ಮದೇ ವೆಬ್ ವಿಳಾಸದಲ್ಲಿ ಇಡಿ. ಯಾಹೂ ಗ್ರೂಪ್ಸ್ ಎಂಬ ಗುಂಪು ಚರ್ಚೆಯ ಸೇವೆಯಲ್ಲಿ ಜನ ವರ್ಷಗಟ್ಟಲೆ ಬರೆದಿಟ್ಟಿದ್ದರು. 2019ರ ಅಕ್ಟೋಬರ್‌ನಲ್ಲಿ ಸೂಚನೆ ಬಂತು, ಡಿಸೆಂಬರ್‌ಗೆ ಹಳೆಯ ಸಂದೇಶ, ಫೈಲ್, ಫೋಟೋ ಎಲ್ಲ ಸೈಟ್‌ನಿಂದ ಹೋದವು. 2020ರ ಡಿಸೆಂಬರ್ 15ಕ್ಕೆ ಸೇವೆಯೇ ಮುಚ್ಚಿತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಲಿಸ್ಟ್‌ನ ಆರ್ಕೈವ್ ಎಂಬಾಕ್ಸ್ ಅನ್ನುವ ಸರಳ ಪಠ್ಯದ ಫೈಲ್, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ಫೋರಂನದು ಡೇಟಾಬೇಸ್, ಸುಮ್ನೆ ತೆರೆದು ಓದಲಾಗದು. ಹಾಗಾಗಿ ಬ್ಯಾಕಪ್ ಬೇರೆ ಜಾಗದಲ್ಲೂ ಇರಲಿ. ಆಗಾಗ ಅದನ್ನು ಇನ್ನೊಂದು ಕಡೆ ಇನ್‌ಸ್ಟಾಲ್ ಮಾಡಿ ತೆರೆದುಕೊಳ್ಳುತ್ತದಾ ನೋಡಿ.

ಶುರುವಿನಲ್ಲಿ ವಿಭಾಗ ಎರಡೋ ಮೂರೋ ಸಾಕು. ಖಾಲಿ ವಿಭಾಗ ಕಂಡರೆ ಜನ ಬರೆಯಲು ಹಿಂಜರಿಯುತ್ತಾರೆ. ಚಾಟ್ ಮುಚ್ಚಬೇಡಿ, ಆದರೆ ಯಾವ ತೀರ್ಮಾನವೂ ಫೋರಂನಲ್ಲಿ ಬರೆಯದೆ ತೀರ್ಮಾನವಾಗದು ಅಂತ ಮೊದಲೇ ಒಪ್ಪಿಕೊಳ್ಳಿ. ಹೊಸ ಆವೃತ್ತಿ, ಭದ್ರತಾ ದೋಷದ ಸುದ್ದಿಗೆ ಮಾತ್ರ ಒಂದು ಪುಟ್ಟ ಲಿಸ್ಟ್ ಇಡಿ. ಅದಕ್ಕೆ ಬರೆಯುವ ಹಕ್ಕು ನಡೆಸುವವರಿಗೆ ಮಾತ್ರ ಇರಲಿ.