ಕೇಳಿ, ಹೇಳ್ತೀವಿ: ಬೂಕರ್ ಪುಸ್ತಕ ಮೆತ್ತನೆ ರಟ್ಟಿಗೆ ಬರುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಶಸ್ತಿ ಬಂದ ಕಥೆ, ಕಾದಂಬರಿಗಳ ಮೆತ್ತನೆ ರಟ್ಟಿನ ಪ್ರತಿ, ಅಂದರೆ ಪೇಪರ್‌ಬ್ಯಾಕ್ ಬಗ್ಗೆಯೇ ಇದ್ದವು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಬೂಕರ್ ಬಂದ ಕಾದಂಬರಿ ಕೊಳ್ಳಲು ಹೋದೆ, ಗಟ್ಟಿ ರಟ್ಟಿನ ಪ್ರತಿಯ ಬೆಲೆ ಕೇಳಿ ಬರಿಗೈಲಿ ಬಂದೆ. ಪೇಪರ್‌ಬ್ಯಾಕ್‌ಗೆ ಎಷ್ಟು ತಿಂಗಳು ಕಾಯಬೇಕು? (ಹಾಸನ)

ಪ್ರಶಸ್ತಿ ಘೋಷಣೆಯಾದ ದಿನದಿಂದ ಎಣಿಸಬೇಡಿ, ಪುಸ್ತಕ ಮೊದಲು ಹೊರಬಂದ ದಿನದಿಂದ ಎಣಿಸಿ. ಬ್ರಿಟನ್ನಿನಲ್ಲಿ ಗಟ್ಟಿ ರಟ್ಟಿನ ಪ್ರತಿ ಬಂದು ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಪೇಪರ್‌ಬ್ಯಾಕ್ ಬರುವುದು ರೂಢಿ. ಬೂಕರ್‌ಗೆ ಹಿಂದಿನ ವರ್ಷದ ಅಕ್ಟೋಬರ್ 1ರಿಂದ ಈ ವರ್ಷದ ಸೆಪ್ಟೆಂಬರ್ 30ರ ಒಳಗೆ ಪ್ರಕಟವಾದ ಪುಸ್ತಕಗಳನ್ನು ಪರಿಗಣಿಸುತ್ತಾರೆ. ಹಾಗಾಗಿ ನವೆಂಬರಿನಲ್ಲಿ ಗೆದ್ದ ಪುಸ್ತಕಕ್ಕೆ ಆಗಲೇ ವರ್ಷ ತುಂಬಿರಬಹುದು, ಇಲ್ಲವೇ ಅದು ಎರಡು ತಿಂಗಳ ಕೂಸೂ ಆಗಿರಬಹುದು.

2024ರಲ್ಲಿ ಗೆದ್ದ ಸಮಂತಾ ಹಾರ್ವಿ ಅವರ 'ಆರ್ಬಿಟಲ್' 2023ರ ನವೆಂಬರಿನಲ್ಲಿ ಬಂದಿತ್ತು. ಮರುವರ್ಷದ ಮಧ್ಯಭಾಗಕ್ಕೇ ಪೇಪರ್‌ಬ್ಯಾಕ್ ಅಂಗಡಿಯಲ್ಲಿತ್ತು, ಪ್ರಶಸ್ತಿ ಘೋಷಣೆಯಾಗಿದ್ದು ನವೆಂಬರ್ 12ಕ್ಕೆ. ಓದುಗರು ಕಾಯುವ ಪ್ರಸಂಗವೇ ಬರಲಿಲ್ಲ. 2025ರಲ್ಲಿ ಗೆದ್ದ ಡೇವಿಡ್ ಸೊಲೊಯ್ ಅವರ 'ಫ್ಲೆಶ್' ಅದೇ ವರ್ಷದ ಮಾರ್ಚಿನ ಪುಸ್ತಕ, ಅದನ್ನು ಬ್ರಿಟನ್ನಿನಲ್ಲಿ ನವೆಂಬರಿಗೆ ಕೇಳಿದವರಿಗೆ ಗಟ್ಟಿ ರಟ್ಟೇ ಗತಿ. ಗೆದ್ದ ಪುಸ್ತಕ ಗಟ್ಟಿ ರಟ್ಟಿನಲ್ಲೇ ಭರ್ಜರಿಯಾಗಿ ಓಡುತ್ತಿದ್ದರೆ ಪ್ರಕಾಶಕರು ಪೇಪರ್‌ಬ್ಯಾಕನ್ನು ಮುಂದಕ್ಕೆ ತಳ್ಳುವುದೂ ಉಂಟು. ಅವರದೂ ವ್ಯಾಪಾರ ತಾನೇ.

ಅಂತಾರಾಷ್ಟ್ರೀಯ ಬೂಕರ್‌ನ ಲೆಕ್ಕವೇ ಬೇರೆ. ಅದು ಇಂಗ್ಲಿಷಿಗೆ ಅನುವಾದವಾದ ಕೃತಿಗೆ ಸಲ್ಲುವ ಪ್ರಶಸ್ತಿ. ಅನುವಾದಗಳನ್ನು ಹೊರತರುವವರಲ್ಲಿ ಸಣ್ಣ ಪ್ರಕಾಶನಗಳು ಹೆಚ್ಚು, ಅವು ಎಷ್ಟೋ ಸಲ ಗಟ್ಟಿ ರಟ್ಟಿನ ಗೊಡವೆಗೇ ಹೋಗುವುದಿಲ್ಲ. 2022ರಲ್ಲಿ ಗೆದ್ದ ಗೀತಾಂಜಲಿ ಶ್ರೀ ಅವರ 'ಟೂಂಬ್ ಆಫ್ ಸ್ಯಾಂಡ್' ಬ್ರಿಟನ್ನಿನಲ್ಲಿ ಮೊದಲಿಗೇ ಪೇಪರ್‌ಬ್ಯಾಕ್ ಆಗಿ ಬಂತು. 2025ರಲ್ಲಿ ಗೆದ್ದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕೂಡ ಹಾಗೆಯೇ.

ಇನ್ನೊಂದು ವಿಷಯ ಅಂಗಡಿಯವರೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಗಟ್ಟಿ ರಟ್ಟಿನ ಕಾಲ ನಡೆಯುತ್ತಿರುವಾಗಲೇ ಭಾರತದಂಥ ಮಾರುಕಟ್ಟೆಗೆ ದೊಡ್ಡ ಅಳತೆಯ ಮೆತ್ತನೆ ರಟ್ಟಿನ ಪ್ರತಿ ಬರುವುದುಂಟು. ಅದಕ್ಕೆ 'ಟ್ರೇಡ್ ಪೇಪರ್‌ಬ್ಯಾಕ್' ಎನ್ನುತ್ತಾರೆ. ಅಳತೆ ಸಾಮಾನ್ಯವಾಗಿ 153×234 ಮಿ.ಮೀ. ವರ್ಷದ ನಂತರ ಬರುವ ಕೈಗಾತ್ರದ ಪ್ರತಿ 'ಬಿ ಫಾರ್ಮ್ಯಾಟ್', ಅದರ ಅಳತೆ 129×198 ಮಿ.ಮೀ. ಒಳಗಿನ ಪಠ್ಯ ಒಂದೇ, ಬೆಲೆ ಬೇರೆ. 'ಪೇಪರ್‌ಬ್ಯಾಕ್ ಕೊಡಿ' ಎಂದಷ್ಟೇ ಕೇಳಿದರೆ ದುಬಾರಿಯದೇ ಕೈಗೆ ಬರುತ್ತದೆ.

ಆನ್‌ಲೈನಿನಲ್ಲಿ ಪೇಪರ್‌ಬ್ಯಾಕ್ ತರಿಸಿದರೆ ಬೇರೆ ಆವೃತ್ತಿ ಬಂತು. ಇದನ್ನು ತಪ್ಪಿಸುವುದು ಹೇಗೆ? (ದಾವಣಗೆರೆ)

ಹೆಸರು ಕೊಟ್ಟು ಹುಡುಕಬೇಡಿ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೊಟ್ಟು ಹುಡುಕಿ. ಗಟ್ಟಿ ರಟ್ಟು, ಟ್ರೇಡ್ ಪೇಪರ್‌ಬ್ಯಾಕ್, ಬಿ ಫಾರ್ಮ್ಯಾಟ್, ಇ-ಪುಸ್ತಕ, ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಪ್ರಕಾಶಕರ ಜಾಲತಾಣದಲ್ಲಿ ನಿಮಗೆ ಬೇಕಾದ ರೂಪದ ಹದಿಮೂರು ಅಂಕಿಗಳನ್ನು ಬರೆದುಕೊಂಡು ಅದನ್ನೇ ಹುಡುಕು ಪೆಟ್ಟಿಗೆಗೆ ಹಾಕಿ. ಭಾರತದ ಪ್ರಕಾಶಕರ ಸಂಖ್ಯೆಗಳಲ್ಲಿ 978 ಆದಮೇಲೆ ಸಾಮಾನ್ಯವಾಗಿ 81 ಅಥವಾ 93 ಬರುತ್ತದೆ.

ಬರೆದುಕೊಂಡ ಸಂಖ್ಯೆ ಸರಿಯೇ ಎಂದು ನೋಡಲು ಮೊದಲ ಹನ್ನೆರಡು ಅಂಕಿಗಳನ್ನು ಸರದಿಯಂತೆ 1, 3, 1, 3 ಎಂದು ಗುಣಿಸಿ ಕೂಡಿ. ಮೊತ್ತಕ್ಕೆ ಎಷ್ಟು ಸೇರಿಸಿದರೆ ಮುಂದಿನ ಹತ್ತರ ಗುಣಕ ಆಗುತ್ತದೋ ಅದೇ ಕೊನೆಯ ಅಂಕಿ. 978030640615 ಎಂಬ ಹನ್ನೆರಡು ಅಂಕಿಗಳಿಗೆ ಮೊತ್ತ 93 ಬರುತ್ತದೆ, ಆದ್ದರಿಂದ ಹದಿಮೂರನೆಯದು 7. ಇದು ಬರೆಯುವಾಗಿನ ತಪ್ಪನ್ನು ಮಾತ್ರ ಹಿಡಿಯುತ್ತದೆ. ಕಳ್ಳ ಮುದ್ರಣದವರು ಅಸಲಿ ಸಂಖ್ಯೆಯನ್ನೇ ನಕಲು ಮಾಡಿರುತ್ತಾರೆ.

ಪೇಪರ್‌ಬ್ಯಾಕ್‌ನಲ್ಲಿ ಕತೆಯನ್ನು ಕತ್ತರಿಸಿರುತ್ತಾರೆಯೇ? ಪುಟ ಕಡಿಮೆ ಇರುವುದು ನೋಡಿ ಅನುಮಾನ ಬಂತು. (ಚಿಕ್ಕಮಗಳೂರು)

ಸಂಕ್ಷಿಪ್ತಗೊಳಿಸಿದ್ದರೆ ಹಾಗೆಂದು ಅಚ್ಚು ಹಾಕಿರುತ್ತಾರೆ. ಪುಟ ಕಡಿಮೆಯಾಗಲು ಕಾರಣ ಸಾಮಾನ್ಯವಾಗಿ ಅಕ್ಷರದ ಗಾತ್ರ, ಅಂಚಿನ ಬಿಳಿ ಜಾಗ, ಸಾಲುಗಳ ನಡುವಿನ ಅಂತರ. ಪೇಪರ್‌ಬ್ಯಾಕ್‌ನಲ್ಲಿ ಪಠ್ಯ ಕೊಂಚ ಶುದ್ಧವಾಗಿಯೇ ಇರುತ್ತದೆ, ಗಟ್ಟಿ ರಟ್ಟಿನಲ್ಲಿ ಉಳಿದಿದ್ದ ಅಚ್ಚಿನ ತಪ್ಪುಗಳನ್ನು ತಿದ್ದಲು ಸಿಗುವ ಅವಕಾಶ ಅದು.

ನಿಜವಾಗಿ ಪಠ್ಯ ಬದಲಾಗುವುದು ದೇಶ ಬದಲಾದಾಗ. 2022ರ ಬೂಕರ್ ಗೆದ್ದ ಶೆಹಾನ್ ಕರುಣಾತಿಲಕ ಅವರ 'ದ ಸೆವೆನ್ ಮೂನ್ಸ್ ಆಫ್ ಮಾಲಿ ಅಲ್ಮೇಡಾ' ಭಾರತದಲ್ಲಿ 2020ರಲ್ಲೇ 'ಚಾಟ್ಸ್ ವಿತ್ ದ ಡೆಡ್' ಎಂಬ ಹೆಸರಲ್ಲಿ ಬಂದಿತ್ತು. ಶ್ರೀಲಂಕಾದ ರಾಜಕಾರಣ ಗೊತ್ತಿಲ್ಲದ ಓದುಗರಿಗೆಂದು ಲೇಖಕರು ಅದನ್ನು ಮತ್ತೆ ಕೂತು ತಿದ್ದಿ ಬರೆದರು. ಗೆದ್ದದ್ದು ಆ ತಿದ್ದಿದ ರೂಪ. ಹಳೆಯ ಪ್ರತಿ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ, ಆದರೆ ಎರಡೂ ಒಂದೇ ಎಂದುಕೊಳ್ಳಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಾದಂಬರಿ ತಿದ್ದುವುದೆಂದರೇನು ಎಂಬುದಕ್ಕೆ ಒಳ್ಳೆಯ ಪಾಠ.

'ಹಾರ್ಟ್ ಲ್ಯಾಂಪ್' ಇಂಗ್ಲಿಷಿನಲ್ಲಿ ಏಕೆ ಓದಬೇಕು? ಅದರ ಮೂಲ ಕನ್ನಡ ಪುಸ್ತಕ ಯಾವುದು, ಪೇಪರ್‌ಬ್ಯಾಕ್‌ನಲ್ಲಿ ಇದೆಯೇ? (ಶಿವಮೊಗ್ಗ, ಅಬುಧಾಬಿ ಮತ್ತು ಇನ್ನೂ ಹಲವರು)

ಆ ಹೆಸರಿನ ಒಂದೇ ಮೂಲ ಪುಸ್ತಕ ಇಲ್ಲ. 'ಎದೆಯ ಹಣತೆ' ಎಂಬ ಕಥಾಸಂಕಲನ ಇದೆ, ನಿಜ. ಆದರೆ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದಿರುವ ಹನ್ನೆರಡು ಕಥೆಗಳು 1990ರಿಂದ 2023ರವರೆಗಿನ ಬೇರೆ ಬೇರೆ ಸಂಕಲನಗಳಿಂದ ಆಯ್ದವು. 'ಎದೆಯ ಹಣತೆ' ಒಂದನ್ನೇ ತಂದು 'ಉಳಿದ ಕಥೆ ಎಲ್ಲಿ' ಎಂದು ಅಂಗಡಿಯವರ ಮೇಲೆ ರೇಗಬೇಡಿ. ಹಲವು ಸಂಕಲನಗಳನ್ನು ಒಟ್ಟು ಮಾಡಿರುವ 'ಹಸೀನಾ ಮತ್ತು ಇತರ ಕಥೆಗಳು' ಕೊಂಡರೆ ಹೆಚ್ಚಿನ ಕಥೆಗಳು ಒಂದೇ ಕಡೆ ಸಿಗುತ್ತವೆ. ಕೊಳ್ಳುವ ಮೊದಲು ಪರಿವಿಡಿಯಲ್ಲಿ 'ಬೆಂಕಿ ಮಳೆ', 'ಕರಿ ನಾಗರಗಳು', 'ಎದೆಯ ಹಣತೆ', 'ಒಮ್ಮೆ ಹೆಣ್ಣಾಗು ಪ್ರಭುವೇ' ಇವೆಯೇ ನೋಡಿ. 'ಕರಿ ನಾಗರಗಳು' ಕಥೆಯೇ ಗಿರೀಶ್ ಕಾಸರವಳ್ಳಿ ಅವರ 'ಹಸೀನಾ' ಸಿನಿಮಾಕ್ಕೆ ಆಧಾರ.

ಜಯಂತ ಕಾಯ್ಕಿಣಿ ಅವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯೂ ಇದೇ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆಂದು ಇದ್ದ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದ ಆ ಪುಸ್ತಕವೂ ಹಲವು ಸಂಕಲನಗಳಿಂದ ಹೆಕ್ಕಿದ ಮುಂಬೈ ಕಥೆಗಳು. ಕನ್ನಡದಲ್ಲಿ ಅವನ್ನು 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್' ಮೊದಲಾದ ಕಡೆ ಹುಡುಕಬೇಕು. ಹೊರಗೆ ಗೆಲ್ಲುವ ಕನ್ನಡ ಪುಸ್ತಕ ಎಂದರೆ ಇದುವರೆಗೆ ಅನುವಾದಕರು ಆಯ್ದು ಜೋಡಿಸಿದ ಹೊಸ ಪುಸ್ತಕವೇ. ಅಂತಾರಾಷ್ಟ್ರೀಯ ಬೂಕರ್ ಬಹುಮಾನದ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುವುದರಲ್ಲಿ ನ್ಯಾಯವಿದೆ.

ಇಂಗ್ಲಿಷಿನಲ್ಲಿ ಏಕೆ ಓದಬೇಕೆಂದರೆ, ಆ ಅನುವಾದ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಹಾಗೇ ಬಿಟ್ಟಿದೆ. ಹಾಸನ ಸೀಮೆಯ ಮಾತು ಇಂಗ್ಲಿಷ್ ವಾಕ್ಯದೊಳಗೆ ಹೇಗೆ ಕೂತಿದೆ ಎಂದು ಅಳೆಯಬಲ್ಲವರು ಕನ್ನಡದ ಓದುಗರು ಮಾತ್ರ. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಎಂಬುದು ನಮ್ಮ ಸಲಹೆ.

ಪೇಪರ್‌ಬ್ಯಾಕ್ ಬಗ್ಗೆ: ಕನ್ನಡದ ಬಹುಪಾಲು ಕಥೆ, ಕಾದಂಬರಿಗಳು ಹುಟ್ಟುವುದೇ ಮೆತ್ತನೆ ರಟ್ಟಿನಲ್ಲಿ, ಡೆಮಿ 1/8 (ಡೆಮಿ ಎಂಬ ದೊಡ್ಡ ಹಾಳೆಯ ಎಂಟನೇ ಒಂದು ಭಾಗ) ಅಳತೆಯಲ್ಲಿ. ಗಟ್ಟಿ ರಟ್ಟು ಬೇಕಾದವರಿಗೆ, ಗ್ರಂಥಾಲಯಗಳಿಗೆ ಒಂದಷ್ಟು ಪ್ರತಿ ಬೇರೆ ಕಟ್ಟಿಸುತ್ತಾರೆ. ಇಲ್ಲಿ ಸಮಸ್ಯೆ ಕಾಯುವುದರದ್ದಲ್ಲ, ಮುಗಿದುಹೋಗುವುದರದ್ದು. ಒಂದು ಮುದ್ರಣಕ್ಕೆ 500ರಿಂದ 1,000 ಪ್ರತಿ ಹಾಕುವುದು ರೂಢಿ, ಪ್ರಶಸ್ತಿ ಬಂದ ವಾರದಲ್ಲಿ ಅದು ಖಾಲಿ. ಪ್ರಕಾಶಕರಿಗೆ ಹೆಸರು, ಫೋನ್ ಸಂಖ್ಯೆ ಕೊಟ್ಟಿಡಿ. ಮರುಮುದ್ರಣಕ್ಕೆ ಎಷ್ಟು ಪ್ರತಿ ಹಾಕಬೇಕೆಂದು ಅವರು ಅಂದಾಜಿಸುವುದು ಇಂಥ ಬೇಡಿಕೆಯಿಂದಲೇ.

ಅನಂತಮೂರ್ತಿಯವರಿಗೂ ಬೂಕರ್ ಬಂದಿತ್ತಲ್ಲವೇ? ಹಾಗಾದರೆ 'ಸಂಸ್ಕಾರ'ದ ಮೇಲೆ ಮುದ್ರೆ ಏಕಿಲ್ಲ? (ತೀರ್ಥಹಳ್ಳಿ)

ಬಂದಿರಲಿಲ್ಲ. 2013ರಲ್ಲಿ ಅವರು ಅಂತಾರಾಷ್ಟ್ರೀಯ ಬೂಕರ್‌ನ ಅಂತಿಮ ಪಟ್ಟಿಯಲ್ಲಿದ್ದರು. ಆಗ ಆ ಪ್ರಶಸ್ತಿಯನ್ನು ಎರಡು ವರ್ಷಕ್ಕೊಮ್ಮೆ ಲೇಖಕರ ಒಟ್ಟು ಬರಹಕ್ಕೆ ಕೊಡುತ್ತಿದ್ದರು, ಒಂದು ಪುಸ್ತಕಕ್ಕಲ್ಲ. ಅನುವಾದಗೊಂಡ ಒಂದೇ ಕೃತಿಗೆ, ಪ್ರತಿವರ್ಷ ಎಂದು ಬದಲಾದದ್ದು 2016ರಿಂದ.

ಪಾದಚಾರಿ ಮಾರ್ಗದಲ್ಲಿ ಅದೇ ಬೂಕರ್ ಪುಸ್ತಕ ಕಾಲು ಬೆಲೆಗೆ ಸಿಗುತ್ತದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? (ಬೆಂಗಳೂರು)

ಪ್ಲಾಸ್ಟಿಕ್ ಸುತ್ತಿದ ಹೊಸ ಪ್ರತಿ ಕಾಲು ಬೆಲೆಗೆ ಸಿಕ್ಕರೆ ಅನುಮಾನಕ್ಕೆ ಅಷ್ಟೇ ಸಾಕು. ಆದರೆ ಬೆಲೆಯೊಂದನ್ನೇ ನಂಬಬೇಡಿ. 'ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕಡಿಮೆ ಬೆಲೆಯ ಆವೃತ್ತಿಗಳು ಪೂರಾ ಅಸಲಿ.

ಮುಖಪುಟದ ಮೇಲೆ ಬೆರಳಾಡಿಸಿ. ಅಸಲಿಯಲ್ಲಿ ಹೆಸರು ಉಬ್ಬಿದ್ದರೆ ಅಥವಾ ಹೊಳೆಯುವ ಹಾಳೆಯದ್ದಾಗಿದ್ದರೆ ನಕಲಿಯಲ್ಲಿ ಅದು ಚಪ್ಪಟೆ ಚಿತ್ರ, ಏಕೆಂದರೆ ಅದು ಸ್ಕ್ಯಾನ್ ಮಾಡಿದ್ದು. ಬೆನ್ನಿನ ಮೇಲಿನ ಹೆಸರು ಒಂದು ಕಡೆಗೆ ವಾಲಿರುತ್ತದೆ, ನಕಲಿಯವರ ಕಾಗದದ ದಪ್ಪ ಬೇರೆಯಾದ್ದರಿಂದ ಬೆನ್ನಿನ ಅಗಲ ಹೊಂದುವುದಿಲ್ಲ. ಒಳಗೆ ಅಕ್ಷರದ ಅಂಚು ಒಡೆದಂತೆ, ಕೆಲವು ಪುಟ ಕಪ್ಪಾಗಿ, ಕೆಲವು ಬೂದಿಯಾಗಿ ಕಾಣುತ್ತವೆ. ಸಾಲುಗಳು ಓರೆಯಾಗಿರುತ್ತವೆ. ಕೊನೆಗೆ ಪುಟಸಂಖ್ಯೆಗಳನ್ನು ಸರಸರ ತಿರುವಿ ನೋಡಿ. ಹದಿನಾರು ಪುಟ ಕಾಣೆಯಾದ ಕಾದಂಬರಿಯನ್ನು ಅರ್ಧ ಓದಿದ ಮೇಲೆ ಆಗುವ ಸಂಕಟ ಯಾರಿಗೂ ಬೇಡ.

499 ರೂಪಾಯಿಯ ಪೇಪರ್‌ಬ್ಯಾಕ್‌ನಲ್ಲಿ ಶೇ 7.5ರ ಗೌರವಧನವೆಂದರೆ ಲೇಖಕರಿಗೆ ಸುಮಾರು 37 ರೂಪಾಯಿ. ನಕಲಿಯಲ್ಲಿ ಅದೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ಕಡಿಮೆ ಬೆಲೆಯೇ ಬೇಕಿದ್ದರೆ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್‌ಗಳಲ್ಲಿ ಓದಿ ಮಾರಿದ ಅಸಲಿ ಪ್ರತಿ ಹುಡುಕಿ.

ಮೊದಲ ಮುದ್ರಣವೇ ಎಂದು ಗುರುತಿಸುವುದು ಹೇಗೆ? (ಧಾರವಾಡ)

ಕೃತಿಸ್ವಾಮ್ಯದ ಪುಟದಲ್ಲಿ 10 9 8 7 6 5 4 3 2 1 ಎಂಬಂಥ ಸಾಲು ಇರುತ್ತದೆ. ಅದರಲ್ಲಿ ಉಳಿದ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. 1 ಅಳಿಸಿಹೋಗಿ 2 ಉಳಿದಿದ್ದರೆ ಎರಡನೆಯದು. ಕನ್ನಡ ಪುಸ್ತಕಗಳಲ್ಲಿ 'ಮೊದಲ ಮುದ್ರಣ', 'ಎರಡನೆಯ ಮುದ್ರಣ' ಎಂದು ಇಸವಿ ಸಮೇತ ಬರೆದಿರುತ್ತದೆ. ನಮ್ಮಲ್ಲಿ ಬರೀ ಮರುಮುದ್ರಣವನ್ನೂ 'ಎರಡನೆಯ ಆವೃತ್ತಿ' ಎಂದುಬಿಡುವ ಚಾಳಿ ಇದೆ. ತಿದ್ದುಪಡಿ ಇದ್ದರೆ ಮಾತ್ರ ಅದು ಆವೃತ್ತಿ.

ಹೊಸ ಪೇಪರ್‌ಬ್ಯಾಕ್ ಎರಡೇ ಓದಿಗೆ ಹಾಳೆ ಉದುರಿಸುತ್ತಿದೆ. ಸರಿಪಡಿಸಬಹುದೇ? (ಪುತ್ತೂರು)

ಹೆಚ್ಚಿನ ಪೇಪರ್‌ಬ್ಯಾಕ್‌ಗಳಲ್ಲಿ ಹೊಲಿಗೆ ಇರುವುದಿಲ್ಲ. ಹಾಳೆಗಳ ಬೆನ್ನನ್ನು ತರಿದು, ಬಿಸಿ ಅಂಟು ಸುರಿದು, ರಟ್ಟು ಒತ್ತುತ್ತಾರೆ. ಅಗ್ಗದ ಇವಿಎ ಅಂಟು ಬಿಸಿಲಿಗೆ ಮೆದುವಾಗಿ, ವರ್ಷ ಕಳೆದಂತೆ ಪೆಡಸಾಗುತ್ತದೆ. ಪಿಯುಆರ್ ಅಂಟು ತಾಳಿಕೆ ಬರುತ್ತದೆ, ಖರ್ಚು ಹೆಚ್ಚು. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಹಾಳೆ ಉಬ್ಬಿ ಅಂಟನ್ನು ಎಳೆಯುತ್ತದೆ. ಕರಾವಳಿಯಲ್ಲಿ ಇದು ಬೇಗ ಗೊತ್ತಾಗುತ್ತದೆ.

ಒಂದೆರಡು ಹಾಳೆ ಬಿಟ್ಟಿದ್ದರೆ ಹಲ್ಲುಕಡ್ಡಿಯ ತುದಿಯಲ್ಲಿ ಫೆವಿಕಾಲಿನಂಥ ಬಿಳಿ ಅಂಟು ತೆಗೆದುಕೊಂಡು ಹಾಳೆಯ ಒಳ ಅಂಚಿಗೆ ಒಂದೂವರೆ ಮಿ.ಮೀ. ಅಗಲಕ್ಕೆ ಮಾತ್ರ ಸವರಿ. ನೀರು ಬೆರೆಸಬೇಡಿ, ಕಾಗದ ಸುಕ್ಕಾಗುತ್ತದೆ. ಹಾಳೆಯನ್ನು ಬೆನ್ನಿನವರೆಗೆ ತಳ್ಳಿ, ಮೇಲಿನ ಅಂಚು ಉಳಿದವುಗಳ ಜೊತೆ ಸಮವಾಗಿದೆಯೇ ನೋಡಿ. ಎರಡೂ ಬದಿಗೆ ಮೇಣದ ಕಾಗದ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಸೆಲ್ಲೋಟೇಪ್ ಹಚ್ಚಲೇಬೇಡಿ, ಕೆಲವೇ ವರ್ಷಕ್ಕೆ ಹಳದಿಯಾಗಿ ಅಕ್ಷರದ ಮೇಲೆ ಅಂಟು ಇಳಿಯುತ್ತದೆ. ಫೆವಿಕ್ವಿಕ್ ಕೂಡ ಬೇಡ, ಅದು ಗಾಜಿನಂತೆ ಗಟ್ಟಿಯಾಗಿ ಪಕ್ಕದ ಹಾಳೆಯನ್ನೇ ಹರಿಯುತ್ತದೆ. ಇಡೀ ಬೆನ್ನು ಸೀಳಿದ್ದರೆ ಬೈಂಡರ್ ಬಳಿ ಒಯ್ದು, ಒಳ ಅಂಚನ್ನು ಆದಷ್ಟೂ ಕಡಿಮೆ ಕತ್ತರಿಸಲು ಹೇಳಿ.

ಕೊಂಡ ದಿನವೇ ಒಂದು ಕೆಲಸ ಮಾಡಿದರೆ ಇದು ಬಹಳಷ್ಟು ತಪ್ಪುತ್ತದೆ. ಪುಸ್ತಕದ ಬೆನ್ನನ್ನು ಮೇಜಿನ ಮೇಲಿಟ್ಟು, ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಅಷ್ಟೇ ಹಾಳೆ ತೆರೆದು ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ. ಒಮ್ಮೆಲೇ ನಡುಮಧ್ಯ ಬಿಡಿಸಿ ಮಗುಚಿದರೆ ಅಂಟು ಅಲ್ಲೇ ಬಿರಿಯುತ್ತದೆ.

'ವಿಜೇತ' ಎಂಬ ದುಂಡು ಸ್ಟಿಕ್ಕರ್ ಮುಖಪುಟದ ಚಂದ ಹಾಳುಮಾಡಿದೆ. ತೆಗೆಯಬಹುದೇ? (ಮೈಸೂರು)

ಮೊದಲು ಉಗುರಿನಿಂದ ಅಂಚು ಎಬ್ಬಿಸಿ ನೋಡಿ. ಏಳದಿದ್ದರೆ ಅದು ಸ್ಟಿಕ್ಕರ್ ಅಲ್ಲ, ಅಚ್ಚು. ಎದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಒಂದು ಗೇಣು ದೂರದಿಂದ ಇಪ್ಪತ್ತು, ಮೂವತ್ತು ಸೆಕೆಂಡ್ ಹಿಡಿದು, ಓರೆಯಾಗಿ ನಿಧಾನಕ್ಕೆ ಎಳೆಯಿರಿ. ಉಳಿದ ಜಿಗುಟನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ, ಲ್ಯಾಮಿನೇಶನ್ ಮಂಕಾಗುತ್ತದೆ.